ಖೆರ್ಸೋನಿನ ಮಗಳಿಗೊಂದು ಪತ್ರ

(ಬೈಜಾಂಟೈನ್ ಚಕ್ರವರ್ತಿ ಎರಡನೇ ಜಸ್ಟಿನಿಯನ್ 711ರಲ್ಲಿ ದಂಗೆಕೋರರ ಕೈಯಲ್ಲಿ ಸತ್ತ. ಕಪ್ಪು ಸಮುದ್ರದ ಖೆರ್ಸೋನ್ ಪಟ್ಟಣದಿಂದ ಹೊರಟ ದಂಗೆಯ ಹಡಗುಗಳು ಅವನಿಗಿಂತ ಮೊದಲು ರಾಜಧಾನಿ ಮುಟ್ಟಿದ್ದವು. ಈ ಕತೆಯಲ್ಲಿ ಅವು ತಡವಾಗಿ ಬಂದವು. ಅವನು ಬದುಕಿಕೊಂಡ.)

ಕಾನ್‌ಸ್ಟಾಂಟಿನೋಪಲ್, 711ರ ಚಳಿಗಾಲ

ಮಗಳೇ,

ಓದಿದ ತಕ್ಷಣ ಈ ಕಾಗದವನ್ನು ಒಲೆಗೆ ಹಾಕು. ಅಕ್ಷರ ಸೊಟ್ಟಗಿದೆ ಅಂತ ನಗಬೇಡ. ಇಂಥದ್ದನ್ನು ದುಡ್ಡು ಕೊಟ್ಟು ಬೇರೆಯವರ ಕೈಲಿ ಬರೆಸುವ ಹಾಗಿಲ್ಲ.

ವಿಷಯ ಮೊದಲು ಹೇಳಿಬಿಡುತ್ತೇನೆ. ಚಳಿ ಮುಗಿದು ಸಮುದ್ರ ಸುಮ್ಮನಾದ ಕೂಡಲೇ ಹಡಗುಗಳು ನಿಮ್ಮೂರಿಗೆ ಹೊರಡುತ್ತವೆ. ಈ ಸಲ ಮಾವ್ರೋಸ್ ಅಲ್ಲ, ಸ್ಟೀಫನ್ ಅಲ್ಲ, ಚಕ್ರವರ್ತಿಯೇ ಬರುತ್ತಾನೆ. ಖೆರ್ಸೋನನ್ನು ನೆಲಸಮ ಮಾಡಿ ಉತ್ತುಬಿಡುತ್ತೇನೆ ಅಂತ ಮೊದಲೂ ಹೇಳಿದ್ದ. ಆಗ ಬೇರೆಯವರನ್ನು ಕಳಿಸಿದ್ದ, ಅವರು ಅರ್ಧ ಕೆಲಸ ಮಾಡಿ ತಿರುಗಿಬಿದ್ದರು. ಈಗ ಯಾರನ್ನೂ ನಂಬುವುದಿಲ್ಲ.

ನಿಮ್ಮವರು ಬಾರ್ಡನೆಸ್‌ನನ್ನೇ ಚಕ್ರವರ್ತಿ ಅಂತ ಕೂಗಿ ಹಡಗು ಹತ್ತಿದರಲ್ಲ, ಅವರನ್ನು ದಕ್ಷಿಣದ ಗಾಳಿ ತಡೆದು ನಿಲ್ಲಿಸಿತು. ಅಷ್ಟರಲ್ಲಿ ಜಸ್ಟಿನಿಯನ್ ಸಿನೋಪೆಯ ಕಡೆಯಿಂದ ಕುದುರೆ ಓಡಿಸಿಕೊಂಡು ಬಂದು ಊರು ಸೇರಿದ. ಸಿಂಹದ ಹಾಗೆ ಅಬ್ಬರಿಸುತ್ತಾ ಬಂದ ಅಂತ ಬಾಗಿಲು ಕಾಯುವವರು ಹೇಳಿದರು. ಹಡಗುಗಳು ಬರುವಷ್ಟರಲ್ಲಿ ಬಾಗಿಲು ಮುಚ್ಚಿ ಆಗಿತ್ತು. ನಿಮ್ಮ ಕಡೆ ಸೇರಿದ ಎಲಿಯಾಸನ ಮನೆಯಲ್ಲಿ ಏನಾಯಿತು ಅಂತ ನಿನಗೆ ಗೊತ್ತಿರಬೇಕು. ಮಕ್ಕಳನ್ನು ತಾಯಿಯ ಮಡಿಲಲ್ಲೇ ಕೊಂದರು. ಅದಕ್ಕಿಂತ ಜಾಸ್ತಿ ಬರೆಯಲಾರೆ.

ನಿನ್ನ ಕಾಗದ ಬಂತು. ‘ಅಪ್ಪಾ, ಅವತ್ತು ನಿನ್ನ ದೋಣಿ ಮಗುಚಿದ್ದರೆ ನನ್ನ ಮಾವ ಬದುಕಿರುತ್ತಿದ್ದರು’ ಅಂತ ಬರೆದಿದ್ದೀಯ. ಬೀಗರು ನನಗೂ ಬೇಕಾದವರಾಗಿದ್ದರು. ಆ ಇಪ್ಪತ್ತು ಜನರನ್ನು ಕೈ ಕಟ್ಟಿ, ದೋಣಿಗೆ ಕಲ್ಲು ತುಂಬಿ ಮುಳುಗಿಸಿದ ಸುದ್ದಿ ಬಂದ ರಾತ್ರಿ ನಿನ್ನ ಅಮ್ಮ ಊಟ ಮಾಡಲಿಲ್ಲ. ಆದರೂ ಈ ಮಾತನ್ನು ನೀನು ಬರೆಯಬಾರದಿತ್ತು. ಬರೆದಾಯಿತು, ಇರಲಿ.

ಗಡೀಪಾರಾಗಿದ್ದ ಚಕ್ರವರ್ತಿ ರಾಜ್ಯ ವಾಪಸ್ ಪಡೆಯಲು ನನ್ನ ದೋಣಿ ಹತ್ತಿದ ಆ ರಾತ್ರಿಯ ಬಗ್ಗೆ ಎಲ್ಲರೂ ಅವನ ಮಾತನ್ನಷ್ಟೇ ಹೇಳುತ್ತಾರೆ. ಇಲ್ಲಿ ಹೆಂಡದಂಗಡಿಯಲ್ಲೂ ಅದೇ ಕತೆ. ನೀಪರ್ ನದಿಯ ಮುಖ ದಾಟುವಾಗ ಬಿರುಗಾಳಿ ಎದ್ದಿತು. ಅವನ ಆಳು ಮಿಯಾಕೆಸ್ ಅಂದ: ಸ್ವಾಮಿ, ಸಾಯ್ತಾ ಇದ್ದೀವಿ, ರಾಜ್ಯ ವಾಪಸ್ ಸಿಕ್ಕರೆ ಯಾರ ಮೇಲೂ ಸೇಡು ತೀರಿಸುವುದಿಲ್ಲ ಅಂತ ದೇವರಿಗೆ ಹರಕೆ ಹೊತ್ತುಕೊಳ್ಳಿ. ಅವನು ಸಿಟ್ಟಿನಿಂದ ಅಂದ: ಅವರಲ್ಲಿ ಒಬ್ಬನನ್ನು ಉಳಿಸಿದರೂ ದೇವರು ನನ್ನನ್ನು ಇಲ್ಲೇ ಮುಳುಗಿಸಲಿ. ಹೌದು, ಹಾಗೇ ಅಂದ. ನಾನು ಎರಡು ಮೊಳ ದೂರದಲ್ಲಿದ್ದೆ.

ಆದರೆ ಉಳಿದದ್ದನ್ನು ಯಾರೂ ಹೇಳುವುದಿಲ್ಲ. ಹಲಗೆಯ ಸಂದಿನಿಂದ ನೀರು ಬರುತ್ತಿತ್ತು. ಅವನು ತನ್ನ ಮೇಲುಹೊದಿಕೆ ಹರಿದು ಸಂದಿಗೆ ತುರುಕಿದ. ಆಮೇಲೆ ಮರದ ಬೋಗುಣಿ ತಗೊಂಡು ನಮ್ಮ ಜೊತೆ ನೀರು ಮೊಗೆದು ಚೆಲ್ಲುತ್ತಾ ಕೂತ. ಮೂಗು ಇದ್ದ ಜಾಗದಲ್ಲಿ ಬರೀ ತೂತು. ಅಲೆ ಮುಖಕ್ಕೆ ಬಡಿದಾಗೆಲ್ಲ ಉಪ್ಪುನೀರು ಸೀದಾ ಒಳಗೆ ನುಗ್ಗಿ ಉಸಿರು ಕಟ್ಟಿ ಕೆಮ್ಮುತ್ತಿದ್ದ. ಕೆಮ್ಮುತ್ತಲೇ ಮೊಗೆಯುತ್ತಿದ್ದ. ಬೋಗುಣಿ ಮಾತ್ರ ಕೆಳಗಿಡಲಿಲ್ಲ. ನಿಜ ಹೇಳಬೇಕೆಂದರೆ ಆ ರಾತ್ರಿ ನನಗೆ ಅವನು ಹಿಡಿಸಿದ. ದೋಣಿಯಲ್ಲಿ ಅಂಥ ಆಳು ಸಿಗುವುದು ಕಷ್ಟ.

ಅವನ ಮಾತು ಮುಗಿದ ಮೇಲೆ ಪಕ್ಕದಿಂದ ಒಂದು ದೊಡ್ಡ ಅಲೆ ಬಂತು. ಚುಕ್ಕಾಣಿ ನನ್ನ ಕೈಲಿತ್ತು. ನಾನು ಮೂತಿಯನ್ನು ಅಲೆಗೆ ತಿರುಗಿಸಿದೆ. ಅಷ್ಟೇ. ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು. ದೇವರು ಆ ಮಾತು ಕೇಳಿಸಿಕೊಂಡು ಉಳಿಸಿದನೋ, ಕೇಳಿಸದೆ ಉಳಿಸಿದನೋ, ಗೊತ್ತಿಲ್ಲ. ಪಾದ್ರಿಗಳನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ಆ ಅಲೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ಪ್ರತಿ ಸಲವೂ ನಾನು ತಿರುಗಿಸುತ್ತೇನೆ. ಅಲೆ ಬಂದಾಗ ದೋಣಿಯಲ್ಲಿ ಯಾರು ಕೂತಿದ್ದಾರೆ ಅಂತ ಅಂಬಿಗ ನೋಡುವುದಿಲ್ಲ. ನೋಡಬೇಕಿತ್ತು ಅಂತ ನೀನು ಹೇಳುತ್ತೀಯ. ನನಗೆ ಮನೆಯಲ್ಲಿ ಹದಿನಾಲ್ಕು ವರ್ಷದ ಮಗಳಿದ್ದಳು ಮಾರಾಯ್ತಿ, ವಾಪಸ್ ಬರಬೇಕಿತ್ತು.

ಮತ್ತೆ ಅದೇ ಹೇಳುತ್ತಿದ್ದೇನೆ ಅಲ್ವಾ.

ಆಮೇಲಿನದು ನಿನಗೆ ಗೊತ್ತು. ಡ್ಯಾನ್ಯೂಬ್, ಬಲ್ಗರ್ ದೊರೆ ತೆರ್ವೆಲ್‌ನ ಸೈನ್ಯ, ಗೋಡೆಯ ಹೊರಗೆ ಮೂರು ದಿನ ಬೈಗುಳ ತಿಂದದ್ದು, ಕೊನೆಗೆ ರಾತ್ರಿ ನೀರಿನ ಕಾಲುವೆಯೊಳಗೆ ತೆವಳಿ ಊರು ಹೊಕ್ಕಿದ್ದು. ಅವನಿಲ್ಲದಾಗ ಒಬ್ಬರಾದ ಮೇಲೊಬ್ಬರು ಸಿಂಹಾಸನ ಏರಿದ್ದ ಲಿಯೊಂಟಿಯಸ್, ಅಪ್ಸಿಮಾರ್ ಇಬ್ಬರ ಕತ್ತಿನ ಮೇಲೆ ಕಾಲಿಟ್ಟು ಅವನು ಕುದುರೆ ಓಟ ನೋಡಿದ ದಿನ ನಾನೂ ಅಲ್ಲಿದ್ದೆ. ಜನ ಕೂಗಿದರು, ನಾನೂ ಕೂಗಿದೆ. ಅವನ ಮೂಗು ಕೊಯ್ಯಿಸಿದವನು ಆ ಲಿಯೊಂಟಿಯಸ್. ಇದು ನ್ಯಾಯ ಅಂದುಕೊಂಡೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತಾರೆ. ಇಲ್ಲಿ ಶಾಂತಿಯೂ ಬರಲಿಲ್ಲ. ಕಳೆದ ವರ್ಷ ನಿಮ್ಮೂರ ಹುಡುಗರನ್ನು ತುಂಬಿಕೊಂಡ ಹಡಗುಗಳು ಒಡೆದು 73,000 ಜನ ಸತ್ತರು ಅಂತ ಇಲ್ಲಿ ಮಾತು. ಅಷ್ಟು ಜನ ಹಡಗಿನಲ್ಲಿ ಹಿಡಿಸುತ್ತಾರಾ, ನಾನು ನಂಬುವುದಿಲ್ಲ. ಆದರೆ ಸುದ್ದಿ ಕೇಳಿ ಅವನು ಖುಷಿಪಟ್ಟದ್ದು ನಿಜ.

ಅವನ ಸಿಟ್ಟಿಗೆ ಕಾರಣ ಹುಡುಕಬೇಡ. ಅಲ್ಲಿ ಗಡೀಪಾರಾಗಿದ್ದಾಗ ನಿಮ್ಮೂರಿನವರು ಅವನನ್ನು ಹಿಡಿದುಕೊಡಲು ನೋಡಿದ್ದರು. ಅದು ಅವನಿಗೆ ಸಾಕು. ನಿನ್ನ ಸಿಟ್ಟೂ ಏನು ಕಮ್ಮಿಯಲ್ಲ. ‘ನಮ್ಮ ಗೋಡೆ ಇದೆ, ಖಜಾರರು ಬರುತ್ತಾರೆ’ ಅಂತ ಅಲ್ಲೇ ಕೂರಬೇಡ. ಹೋದ ಸಲ ಎರಡು ಬುರುಜು ಉರುಳಿದ ಮೇಲೆ ಖಜಾರರು ಬಂದರು. ಈ ಸಲವೂ ಹೊತ್ತಿಗೆ ಬರುತ್ತಾರೆ ಅಂತ ಏನು ಗ್ಯಾರಂಟಿ? ಗಂಡನ ಹತ್ತಿರ ಜಗಳ ಆಡಬೇಡ. ಉಪ್ಪು ಮೀನಿನ ತೊಟ್ಟಿ ಬಿಟ್ಟು ಬರುವುದಿಲ್ಲ ಅಂತ ಅವನು ಹಟ ಹಿಡಿದರೆ ಮಗುವನ್ನು ಎತ್ತಿಕೊಂಡು ನೀನು ಹೊರಡು, ಹಿಂದೆಯೇ ಬರುತ್ತಾನೆ. ದೊಡ್ಡವರ ಮಾತು ಕೇಳು. ಕೇಳುವುದಿಲ್ಲ ನೀನು, ಗೊತ್ತು. ಆದರೂ ಹೇಳುತ್ತೇನೆ.

ಬೆಟ್ಟದ ದಾರಿ ಹಿಡಿದು ಡೋರೋಸ್ ಕೋಟೆಗೆ ಹೋಗು. ಚಕ್ರವರ್ತಿ ನಿಮ್ಮೂರಿನಿಂದ ತಪ್ಪಿಸಿಕೊಂಡಾಗ ಮೊದಲು ಹೋದದ್ದು ಅಲ್ಲಿಗೇ. ಗಾಥರು ಒಳ್ಳೆಯವರು, ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಉಪ್ಪು ಕಟ್ಟಿಕೊಂಡು ಹೋಗು, ಬೆಟ್ಟದಲ್ಲಿ ಉಪ್ಪಿಗೆ ಬೆಲೆ. ಗೋಧಿ ಸಿಕ್ಕಷ್ಟು ಈಗಲೇ ಕೊಂಡಿಡು. ಹಿಂದೆ ನಮ್ಮೂರಿಗೆ ಗಡೀಪಾರಾಗಿ ಬಂದ ಪೋಪ್ ಮಾರ್ಟಿನ್ ‘ಇಲ್ಲಿ ರೊಟ್ಟಿಯ ಹೆಸರು ಕೇಳಿದ್ದೇನೆ, ಕಣ್ಣಿಗೆ ಕಂಡಿಲ್ಲ’ ಅಂತ ಬರೆದಿದ್ದರಂತೆ. ದಂಡು ಬರುತ್ತದೆ ಅಂತ ಗೊತ್ತಾದರೆ ಆ ಹೆಸರೂ ಕೇಳಿಸುವುದಿಲ್ಲ.

ಈ ಕಾಗದ ತರುವ ಸಿನೋಪೆಯವನ ಕೈಲಿ ಚಿನ್ನದ ನಾಣ್ಯ ಕಳಿಸಿದ್ದೇನೆ. ಎಲ್ಲದರಲ್ಲೂ ಕ್ರಿಸ್ತನ ಮುಖ ಇದೆ. ಉದ್ದ ಕೂದಲು, ತುಂಬು ಗಡ್ಡದ್ದು ಚಕ್ರವರ್ತಿಯ ಮೊದಲ ಆಳ್ವಿಕೆಯದು. ಗುಂಗುರು ಕೂದಲು, ಚಿಕ್ಕ ಗಡ್ಡದ್ದು ಈಗಿನದು. ಈಗಿನದರ ಹಿಂದೆ ಅವನೂ ಅವನ ಪುಟ್ಟ ಮಗ ಟೈಬೀರಿಯಸ್ಸೂ ಒಂದೇ ಶಿಲುಬೆ ಹಿಡಿದುಕೊಂಡಿದ್ದಾರೆ. ನಿಮ್ಮೂರಲ್ಲಿ ಈಗ ಆ ಮುಖ ಯಾರಿಗೂ ತೋರಿಸಬೇಡ, ಹಳೆಯದನ್ನೇ ಖರ್ಚು ಮಾಡು. ಉಳಿದದ್ದನ್ನು ಲಂಗದ ಅಂಚಿಗೆ ಹೊಲಿದುಕೋ.

ಇನ್ನೊಂದು ವಿಷಯ. ಕೊನೆಗೆ ಹೇಳೋಣ ಅಂತ ಇಟ್ಟುಕೊಂಡಿದ್ದೆ. ಮೊನ್ನೆ ಅರಮನೆಯಿಂದ ಕರೆ ಬಂತು. ಖೆರ್ಸೋನಿನ ಬಂಡೆ, ಆಳ, ಗಾಳಿ ಬಲ್ಲವನು ಬೇಕು, ನನ್ನನ್ನು ಕೊಂಡೊಯ್ದ ಅಂಬಿಗನೇ ಬರಲಿ ಅಂದನಂತೆ. ಇಷ್ಟು ವರ್ಷವಾದರೂ ನನ್ನನ್ನು ಮರೆತಿಲ್ಲ. ಕೇಳಿ ಒಂದು ಗಳಿಗೆ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಿನ್ನ ಕಾಗದ ನೆನಪಾಯಿತು. ಅವನ ಹಡಗಿನ ಚುಕ್ಕಾಣಿ ನನ್ನದೇ. ಬರುವುದಿಲ್ಲ ಅಂದರೆ ನಿನ್ನ ಅಮ್ಮನ ತಲೆ ಹೋಗುತ್ತದೆ. ಬಂದ ಮೇಲೆ ಏನು ಮಾಡುತ್ತೀಯ ಅಂತ ನೀನು ಕೇಳಬೇಡ, ನಾನು ಬರೆಯುವುದಿಲ್ಲ. ನೀನು ಊರಲ್ಲಿದ್ದರೆ ನನ್ನ ಕೈ ಓಡುವುದಿಲ್ಲ, ಅಷ್ಟು ತಿಳಿದುಕೋ.

ಡೋರೋಸ್ ಮುಟ್ಟಿದ ಮೇಲೆ ಕಾಗದ ಬರೆಯಬೇಡ. ಸಿನೋಪೆಗೆ ಹೋಗುವ ಯಾರ ಹತ್ತಿರವಾದರೂ ‘ಹಾಲು ಕೊಡುವ ಆಡು ಕೊಂಡಿದ್ದಾಳೆ’ ಅಂತ ಬಾಯಲ್ಲಿ ಹೇಳಿ ಕಳಿಸು. ಅಳಿಯನೂ ಜೊತೆಗಿದ್ದರೆ ಎರಡು ಆಡು ಅನ್ನು. ಹಡಗು ಹೊರಡುವ ಮೊದಲು ಸುದ್ದಿ ನನಗೆ ಮುಟ್ಟಬೇಕು.

ನಿನ್ನ ಅಪ್ಪ