ಸೀಸೆಯೊಳಗೇನಿದೆ ಎಂಬುದನ್ನೂ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ಆರೋಗ್ಯ ಪುಟದಲ್ಲಿ ಗಿಡಮೂಲಿಕೆಗಳ ಸುಗಂಧ ತೈಲ ಎಲ್ಲ ಬಗೆಯ ರೋಗಾಣುಗಳನ್ನೂ ಕೊಲ್ಲುತ್ತದೆ ಎಂದು ಬರೆದಿದ್ದೀರಿ. ಸಿಂಧನೂರಿನಲ್ಲಿ ಔಷಧ ಅಂಗಡಿ ನಡೆಸುವವನು ನಾನು. ಇಂಥ ಎಣ್ಣೆಗಳನ್ನು ಮಾರುತ್ತೇನೆ ಕೂಡ, ಹಾಗಾಗಿ ನಿಮ್ಮ ಬರಹದಿಂದ ನನ್ನ ವ್ಯಾಪಾರಕ್ಕೆ ಲಾಭವೇ. ಆದರೂ ಅದರಲ್ಲಿನ ‘ಎಲ್ಲ’ ಎಂಬ ಮಾತನ್ನು ಒಪ್ಪಲಾರೆ.

ಗುಣ ಇರುವುದು ಗಿಡದ ಹೆಸರಿನಲ್ಲಲ್ಲ, ಎಣ್ಣೆಯೊಳಗಿನ ರಾಸಾಯನಿಕದಲ್ಲಿ. ಲವಂಗದ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಯೂಜಿನಾಲ್ ಇರುತ್ತದೆ. ಹಲ್ಲಿನ ಡಾಕ್ಟರು ಸತುವಿನ ಆಕ್ಸೈಡಿನ ಪುಡಿಗೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬುವುದು ಇದನ್ನೇ. ಓಮದ ಎಣ್ಣೆಯ ಬಲ ಥೈಮಾಲ್. ಪಕ್ಕದ ಕರ್ನೂಲಿನ ಮಾರುಕಟ್ಟೆಗೆ ರಾಶಿ ರಾಶಿ ಓಮ ಬರುತ್ತದೆ, ನಮ್ಮ ಮನೆಗಳಲ್ಲಿ ಹೊಟ್ಟೆನೋವಿಗೆ ಅದನ್ನು ಅಗಿಯದವರಿಲ್ಲ. ಬಾಯಿ ಮುಕ್ಕಳಿಸುವ ಎಷ್ಟೋ ದ್ರಾವಣಗಳಲ್ಲಿ ಇರುವುದೂ ಇದೇ ಥೈಮಾಲ್. ಇವೆರಡೂ ಫೀನಾಲ್ ಎಂಬ ರಾಸಾಯನಿಕ ಜಾತಿಯವು, ಜಿಡ್ಡಿನಲ್ಲಿ ಸುಲಭವಾಗಿ ಬೆರೆಯುತ್ತವೆ. ಬ್ಯಾಕ್ಟೀರಿಯಾದ ಒಳಪೊರೆಯೂ ಜಿಡ್ಡಿನದೇ. ಅಲ್ಲಿ ಸೇರಿಕೊಂಡು ಪೊರೆಯನ್ನು ಸಡಿಲಿಸುತ್ತವೆ, ಒಳಗಿನ ಪೊಟ್ಯಾಸಿಯಂ ಸೋರಿಹೋಗುತ್ತದೆ, ಜೀವಕೋಶದ ಶಕ್ತಿ ಬತ್ತುತ್ತದೆ. ಇಲ್ಲಿಯವರೆಗೆ ನಿಮ್ಮ ಲೇಖಕರ ಮಾತು ಸರಿ.

ಆದರೆ ಎಲ್ಲ ಬ್ಯಾಕ್ಟೀರಿಯಾಗಳ ಮೈಕಟ್ಟು ಒಂದೇ ಅಲ್ಲ. ಗಾಯ ಕೀವಾಗಿಸುವ ಸ್ಟ್ಯಾಫಿಲೊಕಾಕಸ್ ಇಂಥ ಎಣ್ಣೆಗೆ ಬೇಗ ಬಗ್ಗುತ್ತದೆ. ಸುಟ್ಟ ಗಾಯಕ್ಕೆ ಅಂಟಿಕೊಳ್ಳುವ ಸ್ಯೂಡೊಮೊನಾಸ್‌ಗೆ ಹೊರಗೆ ಇನ್ನೊಂದು ಪೊರೆಯ ಕಾವಲಿದೆ, ಬಹುಪಾಲು ಎಣ್ಣೆಗಳಿಗೆ ಅದು ಜಗ್ಗುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಎಣ್ಣೆ ಹಚ್ಚಿದ ಕಾಗದದ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ಖಾಲಿ ವರ್ತುಲ ಕಂಡಿತೆಂದರೆ ಮನುಷ್ಯನ ಮೈಯಲ್ಲೂ ಹಾಗೇ ಆಗುತ್ತದೆ ಎನ್ನುವಂತಿಲ್ಲ. ಎಣ್ಣೆ ನೀರಿನಲ್ಲಿ ಕರಗದು, ತಟ್ಟೆಯಲ್ಲೇ ಸರಿಯಾಗಿ ಹರಡದು. ಮೈಯಲ್ಲಾದರೆ ರಕ್ತದ ಪ್ರೋಟೀನು, ಕೊಬ್ಬು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ.

ಇನ್ನು ಹೆಸರಿನ ಗೊಂದಲ. ‘ನೀಲಗಿರಿ ಎಣ್ಣೆ’ ಎಂದು ಬರೆದರೆ ಯಾವ ನೀಲಗಿರಿ? ಯೂಕಲಿಪ್ಟಸ್ ಗ್ಲಾಬ್ಯುಲಸ್‌ನಲ್ಲಿ ಸಿನಿಯೋಲ್ ಹೆಚ್ಚು, ನಿಂಬೆ ವಾಸನೆಯ ಜಾತಿಯಲ್ಲಿ ಸಿಟ್ರೊನೆಲ್ಲಾಲ್ ಹೆಚ್ಚು. ಎರಡರ ಗುಣವೂ ಬೇರೆ. ತುಳಸಿಯಲ್ಲೂ ಒಂದು ತಳಿಯ ಎಣ್ಣೆಯಲ್ಲಿ ಯೂಜಿನಾಲ್ ಮುಂದು, ಇನ್ನೊಂದರಲ್ಲಿ ಮೀಥೈಲ್ ಯೂಜಿನಾಲ್. ಮಣ್ಣು, ಕೊಯ್ಲಿನ ಕಾಲ ಬದಲಾದರೂ ಪ್ರಮಾಣ ಏರುಪೇರಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಬೇವಿನ ಎಣ್ಣೆಯೂ ಸೇರಿಕೊಂಡಿದೆ. ಅದು ಬೀಜ ಹಿಂಡಿ ತೆಗೆದದ್ದು, ಸುಗಂಧ ತೈಲದಂತೆ ಹಬೆಯಲ್ಲಿ ಬಟ್ಟಿ ಇಳಿಸಿದ್ದಲ್ಲ. ಕಾಗದದ ಮೇಲೆ ಹನಿ ಬಿಟ್ಟು ನೋಡಿ, ಬೇವಿನೆಣ್ಣೆಯ ಜಿಡ್ಡು ಹಾಗೇ ಉಳಿಯುತ್ತದೆ, ಶುದ್ಧ ಸುಗಂಧ ತೈಲ ಬಹುಮಟ್ಟಿಗೆ ಆರಿಹೋಗುತ್ತದೆ.

ನನಗೆ ಹೆಚ್ಚು ಚಿಂತೆ ಕೂಸುಗಳದ್ದು. ಪುಟ ಬಂದ ಮರುದಿನವೇ ಅಜ್ಜಿಯೊಬ್ಬರು ಅಂಗಡಿಗೆ ಬಂದು, “ಯಪ್ಪಾ, ಕೂಸಿಗೆ ನೆಗಡಿ ಆಗ್ಯಾದ. ನೀಲಗಿರಿ ಎಣ್ಣಿ ಮೂಗಿನ್ಯಾಗ ಎರಡು ಹನಿ ಬಿಡ್ಲೇನು? ಪೇಪರನ್ಯಾಗ ಬಂದದಂತ” ಎಂದರು. ಬ್ಯಾಡಬೇ ಎಂದು ಹೇಳಿ, ಉಪ್ಪುನೀರಿನ ಹನಿ ಕೊಟ್ಟು ಕಳಿಸಿದೆ. ಒಂದು ಚಮಚ ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೂ ಮಗುವಿನ ಜೀವಕ್ಕೆ ಅಪಾಯ. ಕರ್ಪೂರದಿಂದ ಫಿಟ್ಸ್ ಬರಬಹುದು. ಅಮೆರಿಕದಲ್ಲಿ ಮೈಗೆ ಹಚ್ಚುವ ಔಷಧಗಳಲ್ಲೂ ಕರ್ಪೂರ ಶೇ 11 ಮೀರುವಂತಿಲ್ಲ. ಮನೆಮದ್ದು ಎಂದಾಕ್ಷಣ ಅಳತೆ ಬೇಡ ಎಂದು ನಮ್ಮವರು ತಿಳಿಯುತ್ತಾರೆ, ಬರೆಯುವವರೂ ಹಾಗೇ ತಿಳಿದರೆ ಹೇಗೆ?

ರೈತರಿಗೂ ಇದೇ ಗಾಳಿ ಬೀಸಿದೆ. ಕುಷ್ಟಗಿ ಕಡೆಯ ಬೆಳೆಗಾರರೊಬ್ಬರು ದಾಳಿಂಬೆಗೆ ಬರುವ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗಕ್ಕೆ ಲವಂಗದ ಎಣ್ಣೆ ಹೊಡೆಯಬಹುದೇ ಎಂದು ನನ್ನನ್ನು ಕೇಳಿದರು. ಆ ಎಣ್ಣೆಯನ್ನು ಕಳೆನಾಶಕವಾಗಿಯೂ ಮಾರುತ್ತಾರೆ. ಅಳತೆ ತಪ್ಪಿದರೆ ರೋಗಕ್ಕಿಂತ ಮೊದಲು ಎಲೆಯೇ ಸುಟ್ಟೀತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ ಎಂದೆ.

ನಮ್ಮ ಬಿಸಿಲಿನ ಮಾತೂ ಇದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಕಿಟಕಿ ಪಕ್ಕ ಮುಚ್ಚಳ ಸಡಿಲಾಗಿ ಇಟ್ಟ ಎಣ್ಣೆ ಗಾಳಿ, ಬಿಸಿಗೆ ಕೆಡುತ್ತದೆ. ಟೀ ಟ್ರೀ ಎಂಬ ಆಸ್ಟ್ರೇಲಿಯದ ಮರದ (ಚಹಾ ಗಿಡವಲ್ಲ) ಎಣ್ಣೆ ಕೆಟ್ಟರೆ ಚರ್ಮಕ್ಕೆ ತುರಿಕೆ, ಗಂಧೆ ತರುವುದುಂಟು.

ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಇಂಥ ಲೇಖನ ಹಾಕುವಾಗ ಗಿಡದ ಸಸ್ಯಶಾಸ್ತ್ರೀಯ ಹೆಸರು, ಮುಖ್ಯ ರಾಸಾಯನಿಕ, ಎಷ್ಟಕ್ಕೆ ಎಷ್ಟು ಬೆರೆಸಬೇಕು, ಯಾರಿಗೆ ಕೊಡಕೂಡದು ಎಂಬುದನ್ನೂ ಬರೆಸಿ. ಅದೇ ಪುಟದ ಕೆಳಗೆ ‘ಶೇ 100 ನೈಸರ್ಗಿಕ’ ಎಣ್ಣೆಯ ಜಾಹೀರಾತೂ ಇತ್ತು. ಆ ಸೀಸೆಯ ಮೇಲೆ ಈ ವಿವರಗಳಲ್ಲಿ ಎಷ್ಟಿವೆ ಎಂದು ನಿಮ್ಮ ಜಾಹೀರಾತು ವಿಭಾಗದವರು ಒಮ್ಮೆ ವಿಚಾರಿಸಿ ತಿಳಿಸಲಿ.

– ಔಷಧ ವ್ಯಾಪಾರಿ, ಸಿಂಧನೂರು, ರಾಯಚೂರು ಜಿಲ್ಲೆ