ಮಗಳಿಗೊಂದು ಪತ್ರ: ಜೈಲಿನ ಗೇಟಿಗಿಂತ ಮೊದಲು

ಪ್ರೀತಿಯ ಪುಟ್ಟೀ,

ಮುಂದಿನ ವಾರದಿಂದ ನೀನು ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲೆಯಾಗಿ ಜೈಲಿಗೆ ಹೋಗುತ್ತೀಯ. ಅಲ್ಲಿ ಸಿಗುವ ಲಿಂಗತ್ವ ಅಲ್ಪಸಂಖ್ಯಾತರ, ಅಂದರೆ ಟ್ರಾನ್ಸ್‌ಜೆಂಡರ್, ಗೇ, ಲೆಸ್ಬಿಯನ್ ಮೊದಲಾದ ಎಲ್‌ಜಿಬಿಟಿಕ್ಯೂ ಬಂದಿಗಳ ಹಕ್ಕುಗಳ ಬಗ್ಗೆ ನೀನು ಕೇಳಿದ್ದು ಫೋನಿನಲ್ಲಿ ಮುಗಿಯುವ ಮಾತಲ್ಲ. ಬರೆದು ಕಳಿಸುತ್ತಿದ್ದೇನೆ, ಬ್ಯಾಗಿನಲ್ಲಿಟ್ಟುಕೋ.

ಕೆಲಸ ಶುರುವಾಗುವುದು ಜೈಲಿನಲ್ಲಲ್ಲ, ಬಂಧನಕ್ಕೆ ಒಪ್ಪಿಸುವ ರಿಮ್ಯಾಂಡ್ ದಿನ ಮ್ಯಾಜಿಸ್ಟ್ರೇಟರ ಮುಂದೆ. ಜೈಲಿನವರು ಒಳಗೆ ಸೇರಿಸಿಕೊಳ್ಳುವುದು ವಾರಂಟ್ ನೋಡಿಕೊಂಡು. ಅದರಲ್ಲಿ ‘ಪುರುಷ’ ಎಂದಿದ್ದರೆ ಟ್ರಾನ್ಸ್ ಹೆಣ್ಣುಮಗಳು (ಹುಟ್ಟಿದಾಗ ಗಂಡೆಂದು ಬರೆಸಿದ್ದರೂ ತಾನು ಹೆಣ್ಣು ಎನ್ನುವವಳು) ಗಂಡಸರ ಬ್ಯಾರಕ್ಕಿಗೇ ಹೋಗುತ್ತಾಳೆ. ಆಮೇಲೆ ಯಾರನ್ನು ಕೇಳಿದರೂ ‘ಕೋರ್ಟು ಬರೆದದ್ದನ್ನು ನಾವು ತಿದ್ದೋಕಾಗಲ್ಲ’ ಎಂಬ ಒಂದೇ ಉತ್ತರ. ಅದಕ್ಕೇ ಅವತ್ತೇ ಒಂದು ಪುಟದ ಮೆಮೊ ಹಾಕು. ದಾಖಲೆಯಲ್ಲಿರುವ ಹೆಸರು, ಆಕೆ ಕರೆಸಿಕೊಳ್ಳುವ ಹೆಸರು, ಲಿಂಗ, ಯಾವ ವಾರ್ಡಿನಲ್ಲಿ ಭಯವಿಲ್ಲದೆ ಇರಬಲ್ಲಳು, ಯಾವ ಮಾತ್ರೆ ಇಂಜೆಕ್ಷನ್ ನಡೆಯುತ್ತಿದೆ, ಮೈಮೇಲೆ ಎಲ್ಲೆಲ್ಲಿ ಗಾಯವಿದೆ, ಇಷ್ಟೂ ಅದರಲ್ಲಿರಲಿ. ಇದನ್ನು ವಾರಂಟಿನಲ್ಲಿ ನಮೂದಿಸಿ ಕಾರಾಗೃಹದ ಅಧೀಕ್ಷಕರಿಗೆ ಕಳಿಸಬೇಕೆಂದು ಕೊನೆಯಲ್ಲಿ ಕೋರು. ಠಾಣೆಯಲ್ಲಿ ಏಟು ಬಿದ್ದಿದ್ದರೆ ಆ ಮಾತನ್ನು ನಾಳೆಗೆ ಬಿಡಬೇಡ. ಒಂದು ದಿನ ತಡವಾದರೂ ಗಾಯ ಠಾಣೆಯದೋ ಜೈಲಿನದೋ ಎಂಬ ವಾದ ಹುಟ್ಟಿಕೊಳ್ಳುತ್ತದೆ.

ಇದಕ್ಕೆಲ್ಲ ಬುಡ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪು. ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ, ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲಿ. ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಇದ್ದರೆ ನಕಲು ಲಗತ್ತಿಸು. ಇಲ್ಲದಿದ್ದರೆ ಅದಕ್ಕೆ ಅರ್ಜಿ ಹಾಕುವ ದಿನವೇ ನಿಯಮವನ್ನು ಮತ್ತೊಮ್ಮೆ ಓದಿಕೋ, ಹಳೆಯ ನಮೂನೆಯನ್ನು ನಂಬಬೇಡ.

ಗೇಟಿನ ಒಳಗೆ ಮೊದಲ ಅವಮಾನ ಆಗುವುದು ತಪಾಸಣೆಯಲ್ಲಿ. ಕೇಂದ್ರ ಗೃಹ ಸಚಿವಾಲಯ 2022ರ ಜನವರಿ 10ರಂದು ರಾಜ್ಯಗಳಿಗೆ ಕಳಿಸಿದ ಪತ್ರದ ಪ್ರತಿ ನಿನ್ನ ಕೈಯಲ್ಲಿರಬೇಕು. ಬಂದಿ ಯಾವ ಲಿಂಗದವರು ತಪಾಸಣೆ ಮಾಡಲಿ ಎನ್ನುತ್ತಾರೋ ಅವರೇ ಮಾಡಬೇಕು, ಇಲ್ಲವೇ ತರಬೇತಾದ ವೈದ್ಯಕೀಯ ಸಿಬ್ಬಂದಿ ಮಾಡಬೇಕು. ಬಟ್ಟೆ ಬಿಚ್ಚಿಸಲೇಬೇಕಾಗಿ ಬಂದರೆ ಮರೆಯಲ್ಲಿ. ಬೇರೆ ಶೌಚಾಲಯ, ಬೇರೆ ಸ್ನಾನದ ಜಾಗ, ರಿಜಿಸ್ಟರಿನಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಕಾಲಂ, ಎಲ್ಲವೂ ಅದರಲ್ಲಿದೆ. ‘ನಿಜವಾಗಿ ಏನು’ ಎಂದು ಮೈ ನೋಡಿ ತೀರ್ಮಾನಿಸುವ ಅಧಿಕಾರ ಯಾವ ವಾರ್ಡರಿಗೂ ಇಲ್ಲ.

ಆದರೆ ಬರೀ ಆ ಪತ್ರವನ್ನೇ ನೆಚ್ಚಿಕೊಂಡು ವಾದಿಸಿದರೆ ಸೋಲುತ್ತೀಯ. ಕಾರಾಗೃಹ ರಾಜ್ಯಪಟ್ಟಿಯ ವಿಷಯ, ಕೇಂದ್ರದ ಪತ್ರ ಬರೀ ಸಲಹೆ. ಸಂವಿಧಾನದ 14, 15, 21ನೇ ವಿಧಿ (ಸಮಾನತೆ, ಭೇದಭಾವ ನಿಷೇಧ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು) ಮತ್ತು ನಾಲ್ಸಾ ತೀರ್ಪನ್ನು ಮುಂದಿಡು, ಪತ್ರವನ್ನು ಅವುಗಳ ಬೆನ್ನಿಗೆ ಕೊಡು.

ಇನ್ನು ಇರಿಸುವ ಜಾಗ. ಪ್ರತ್ಯೇಕ ವಾರ್ಡ್ ಇಲ್ಲದ ಕಡೆ ‘ಅವರ ಸುರಕ್ಷತೆಗೇ’ ಎಂದು ಒಬ್ಬಂಟಿ ಸೆಲ್‌ಗೆ ಹಾಕಿಬಿಡುವ ಅಪಾಯವಿದೆ. ಹಾಗೆ ಹಾಕಿದರೆ ಆಟ, ಕೆಲಸ, ಲೈಬ್ರರಿ ಎಲ್ಲ ತಪ್ಪುತ್ತದೆ. ತಪ್ಪೇ ಮಾಡದವರಿಗೆ ಅದು ಶಿಕ್ಷೆ ಕಣೇ. ಇವರನ್ನು ಪೂರ್ತಿ ಒಂಟಿಯಾಗಿಸಬಾರದೆಂದು 2022ರ ಪತ್ರವೇ ಎಚ್ಚರಿಸಿದೆ. ಜೈಲು ಅಧಿಕಾರಿ ತನ್ನಷ್ಟಕ್ಕೆ ಏಕಾಂತ ಸೆರೆ ವಿಧಿಸುವಂತಿಲ್ಲ ಎಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲೇ ತೀರ್ಪಾಗಿದೆ. ಎಲ್ಲಿರಬೇಕು ಎಂಬುದನ್ನು ನೀನು ಊಹಿಸಬೇಡ, ಕೇಳು. ಎಲ್ಲ ಟ್ರಾನ್ಸ್ ಮಹಿಳೆಯರೂ ಹೆಂಗಸರ ವಾರ್ಡನ್ನೇ ಬಯಸುವುದಿಲ್ಲ. ಟ್ರಾನ್ಸ್ ಪುರುಷನನ್ನು ಗಂಡಸರ ಬ್ಯಾರಕ್ಕಿಗೆ ಕಳಿಸಿದರೆ ಅವನ ಜೀವಕ್ಕೇ ಸಂಚಕಾರ ಬರಬಹುದು.

ಅಂಥವರು ನಮ್ಮಲ್ಲಿ ಯಾರೂ ಇಲ್ಲ ಎನ್ನುವ ಜೈಲಿನಲ್ಲೂ ಸುಮ್ಮನೆ ವಾಪಸ್ ಬರಬೇಡ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಟ್ರಾನ್ಸ್‌ಜೆಂಡರ್ ಬಂದಿಗಳನ್ನು ಬೇರೆಯಾಗಿ ಎಣಿಸಿದ್ದೇ 2020ರ ವರದಿಯಿಂದ. ಆಗ ದೇಶದ 4,88,511 ಬಂದಿಗಳಲ್ಲಿ ಸಿಕ್ಕ ಲೆಕ್ಕ 70. ಆ ಲೆಕ್ಕ ಬರುವುದು ಗೇಟಿನ ರಿಜಿಸ್ಟರಿನಿಂದ ಅನ್ನುವುದನ್ನು ನೆನಪಿಡು. ಅಲ್ಲಿ ‘ಪುರುಷ’ ಎಂದು ಬರೆಸಿಕೊಂಡವರು ಇದರಲ್ಲಿಲ್ಲ.

ಗೇ, ಲೆಸ್ಬಿಯನ್ ಬಂದಿಗಳ ಪಾಡು ಬೇರೆ. ಅವರಿಗೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ, ಇರಬೇಕಾಗಿಯೂ ಇಲ್ಲ. ಯಾರ ಒಲವು ಯಾರ ಕಡೆಗೆ ಎಂದು ನೀನೂ ಬ್ಯಾರಕ್ಕಿನ ಎದುರು ಕೇಳಬೇಡ. ಅವರ ದೊಡ್ಡ ತೊಡಕು ಸಂದರ್ಶನ, ಅಂದರೆ ಹೊರಗಿನವರ ಭೇಟಿ. ಹೊರಗೆ ನಿಂತ ಸಂಗಾತಿಗೆ ‘ಸಂಬಂಧ ಏನು’ ಎಂದು ಕೇಳಿ ವಾಪಸ್ ಕಳಿಸುತ್ತಾರೆ. ಟ್ರಾನ್ಸ್ ಮಹಿಳೆಗೆ ಸಮುದಾಯದೊಳಗೆ ಮನೆಯವರಂತಿರುವ ಗುರು, ಚೇಲಾಗಳಿಗೂ (ಶಿಷ್ಯೆಯರಿಗೂ) ಇದೇ ಗತಿ. 2016ರ ಮಾದರಿ ಕಾರಾಗೃಹ ಕೈಪಿಡಿ ಭೇಟಿಗೆ ಬರಬಹುದಾದವರಲ್ಲಿ ಕುಟುಂಬ, ಬಂಧುಗಳ ಜೊತೆಗೆ ಸ್ನೇಹಿತರನ್ನೂ ಸೇರಿಸಿದೆ. ಎಲ್‌ಜಿಬಿಟಿಕ್ಯೂ ಬಂದಿಗಳು ತಮಗೆ ಬೇಕಾದವರನ್ನು ಭೇದಭಾವವಿಲ್ಲದೆ ಭೇಟಿಯಾಗಬಹುದೆಂದು 2024ರ ಜುಲೈ 15ರಂದು ಗೃಹ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಸಲಿಂಗ ಮದುವೆಯ ಹಕ್ಕಿನ ಪ್ರಕರಣ 2023ರ ಅಕ್ಟೋಬರ್‌ನಲ್ಲಿ ಮುಗಿದ ಮೇಲೆ ಬಂದ ಪತ್ರ ಅದು. ಸಂಬಂಧದ ಕಾಲಂನಲ್ಲಿ ‘ಸ್ನೇಹಿತೆ’ ಎಂದು ಬರೆದರೆ ಸಾಕು, ಅದಕ್ಕಿಂತ ಹೆಚ್ಚು ಯಾರಿಗೂ ಹೇಳಬೇಕಾಗಿಲ್ಲ.

ಔಷಧ ತಪ್ಪಬಾರದು. ಹಾರ್ಮೋನ್ ಚೀಟಿ, ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಪುಸ್ತಕದ ನಕಲು ಜೈಲಿನ ವೈದ್ಯರಿಗೆ ಮೊದಲ ದಿನವೇ ತಲುಪಲಿ. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದು, ಫಲಿತಾಂಶವನ್ನು ಬಯಲು ಮಾಡುವುದು ಎರಡೂ 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ.

ಲೈಂಗಿಕ ಹಿಂಸೆಯ ವಿಷಯ ಬರೆಯುವಾಗ ನನಗೆ ಸಂಕಟವಾಗುತ್ತದೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಹಳೆಯ ದಂಡ ಸಂಹಿತೆಯ 377ನೇ ಕಲಮು (‘ಅನೈಸರ್ಗಿಕ’ ಸಂಭೋಗದ್ದು) ಪೂರ್ತಿ ಬಿದ್ದುಹೋಯಿತು. ಒಪ್ಪಿಗೆಯ ಸಲಿಂಗ ಸಂಬಂಧ 2018ರಲ್ಲೇ ಅಪರಾಧವಲ್ಲವೆಂದಾಗಿತ್ತು. ಈಗ ಬಲಾತ್ಕಾರದ ವಿರುದ್ಧ ಇದ್ದ ರಕ್ಷಣೆಯೂ ಅದರೊಂದಿಗೇ ಹೋಯಿತು. ಅತ್ಯಾಚಾರದ ಕಲಮಿನಲ್ಲಿ ಸಂತ್ರಸ್ತರೆಂದರೆ ಹೆಣ್ಣು ಮಾತ್ರ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಬಂದಾಗ ಅದರ 18ನೇ ಕಲಮು ಇಂಥ ಹಿಂಸೆಗೆ ಇಟ್ಟಿದ್ದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ತಿದ್ದುಪಡಿ ನೋಡಿಕೊಂಡು, ಅದರ ಜೊತೆಗೆ ಗಾಯ, ಬೆದರಿಕೆ, ಅಕ್ರಮ ತಡೆಯ ಕಲಮುಗಳನ್ನೂ ಸೇರಿಸಿ ದೂರು ಬರೆ. ಸಾಕ್ಷ್ಯ ಉಳಿಯಲು ಬಟ್ಟೆ ಒಗೆಯಬಾರದೆಂದು ಹೇಳು. ವಿಡಿಯೊ ಹಾಜರಾತಿಯಲ್ಲಿ ಪಕ್ಕದಲ್ಲೇ ಜೈಲು ಸಿಬ್ಬಂದಿ ಇರುತ್ತಾರೆ, ಬಾಯಿ ಕಟ್ಟುತ್ತದೆ. ಖುದ್ದು ಹಾಜರುಪಡಿಸಲು ಅರ್ಜಿ ಹಾಕು. ದೂರನ್ನು ಜಿಲ್ಲಾ ನ್ಯಾಯಾಧೀಶರಿಗೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೋ.

ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು, ಸಹಾಯವಾಣಿ 15100. ಜಾಮೀನು ಸಿಕ್ಕರೂ ಮನೆಯಿಂದ ಹೊರಹಾಕಲ್ಪಟ್ಟವರಿಗೆ ಜಾಮೀನುದಾರರು ಸಿಗುವುದಿಲ್ಲ, ಅಲ್ಲೇ ಕೊಳೆಯುತ್ತಾರೆ. ಜಾಮೀನು ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೇಳಿದೆ. ಎಂಟನೇ ದಿನ ಬೆಳಿಗ್ಗೆ ನೀನೇ ಹೋಗಿ ಹಾಗೆ ಉಳಿದವರ ಪಟ್ಟಿ ಕೇಳು.

ನಿನ್ನ ಅಮ್ಮ