ಮುಖ ನೋಡದೆ ಕೆಲಸ ಕೊಟ್ಟವರಿಗೆ

ಈ ಜುಲೈಗೆ ನಾನು ಮನೆಯಲ್ಲೇ ಕೂತು ಮಾಡುವ ಕಾರ್ಡು, ಲೇಬಲ್ ಡಿಸೈನ್ ಕೆಲಸಕ್ಕೆ ಐದು ವರ್ಷ ತುಂಬಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಾನು ಕೆಲಸಕ್ಕಿದ್ದ ಡಿಟಿಪಿ ಅಂಗಡಿ ಬಾಗಿಲು ಹಾಕಿತು, ಮತ್ತೆ ತೆಗೆಯಲೇ ಇಲ್ಲ. ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲೇ, ನಡುಮನೆಯ ಹೊಲಿಗೆ ಮಷಿನ್ ಒಂದು ಕಡೆ ಸರಿಸಿ, ಹಳೇ ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಅಂಗಡಿ ಬೋರ್ಡು, ಪ್ಯಾಕೆಟ್ಟಿನ ಲೇಬಲ್ಲು. ಮಾತೆಲ್ಲ ವಾಟ್ಸಾಪ್‌ನಲ್ಲಿ, ದುಡ್ಡು ಫೋನ್‌ಪೇನಲ್ಲಿ. ಕೆಲಸ ಕೊಟ್ಟವರಲ್ಲಿ ಮುಕ್ಕಾಲು ಪಾಲು ಜನರನ್ನು ನಾನು ಇವತ್ತಿಗೂ ನೋಡಿಲ್ಲ. ಅವರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು.

ಮೊದಲು ಹೊಳಲ್ಕೆರೆ ಕಡೆಯ ಅಕ್ಕನಿಗೆ. ಅವರು ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಟೈಪ್ ಮಾಡುವ ಗೋಜೇ ಇಲ್ಲ, ಎಲ್ಲಾ ವಾಯ್ಸ್ ಮೆಸೇಜು. ಹಿಂದೆ ಮಿಕ್ಸಿ ಸದ್ದು, ಒಮ್ಮೊಮ್ಮೆ ಮೊಮ್ಮಗನ ಅಳು. ಲೇಬಲ್ಲಿಗೆ ಹಸಿರು ಬೇಕು ಅಂದರು. ಮೂರು ಹಸಿರು ಕಳಿಸಿದೆ. "ಇವ್ಯಾವೂ ಅಲ್ಲವ್ವಾ" ಅಂತ ತಮ್ಮ ಸೀರೆ ಅಂಚಿನ ಫೋಟೋ ಕಳಿಸಿದರು. ಬಿಸಿಲಲ್ಲಿ ಒಂದು, ನೆರಳಲ್ಲಿ ಒಂದು. ಎರಡರಲ್ಲೂ ಹಸಿರು ಬೇರೆ ಬೇರೆ! ಫೋನಿನ ಬಣ್ಣ ಬೆಳಕಿನದು, ಪ್ರೆಸ್ಸಿನ ಬಣ್ಣ ನಾಲ್ಕು ಶಾಯಿ ಸೇರಿ ಆಗುವಂಥದ್ದು. ಫೋನಲ್ಲಿ ಮಿರಮಿರ ಮಿಂಚುವ ಹಸಿರು ಕಾಗದಕ್ಕಿಳಿದರೆ ಮಂಕಾಗುತ್ತೆ. ಇದನ್ನು ಹೇಳಿದ್ದಕ್ಕೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾರೆ ಕಾಗದದ ಮ್ಯಾಲೇ ತೋರ್ಸು" ಅಂದರು. ಐದು ಹಸಿರನ್ನು ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದೆ. ಸೀರೆ ಅಂಚನ್ನು ಹಾಳೆಗೆ ತಾಗಿಸಿ ಹಿಡಿದು, ನಾಲ್ಕನೆಯದರ ಮೇಲೆ ಕುಂಕುಮದ ಬೊಟ್ಟು ಇಟ್ಟು, ಅದರ ಫೋಟೋ ಹಾಕಿದರು. ಆ ಬೊಟ್ಟಿನ ಫೋಟೋ ಇನ್ನೂ ಇಟ್ಟುಕೊಂಡಿದ್ದೇನೆ. ಆ ಕಂಡಕ್ಟರ್ ಅಣ್ಣನಿಗೂ ಥ್ಯಾಂಕ್ಸ್, ಒಂದು ಸಲವೂ ಕವರ್ ಕಳೆದಿಲ್ಲ.

ಚನ್ನಗಿರಿಯ ಅಜ್ಜ ಒಬ್ಬರಿದ್ದಾರೆ. ಐವತ್ತನೇ ಮದುವೆ ವರ್ಷದ ಕಾರ್ಡಿಗೆ ತಮ್ಮ ಮದುವೆಯ ಫೋಟೋ ಕಳಿಸಿದ್ದರು. ವಾಟ್ಸಾಪ್ ಫೋಟೋ ಕುಗ್ಗಿಸುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ ಅಜ್ಜ, ಅಂದೆ. ಮೊಮ್ಮಗಳ ಹತ್ತಿರ ಕಲಿತು ರಾತ್ರಿ ಹತ್ತೂವರೆಗೆ ಸರಿಯಾಗಿ ಕಳಿಸಿದರು. ಕಾರ್ಡಿನಲ್ಲಿ ಅಜ್ಜಿಯ ಮೂಗುಬೊಟ್ಟೂ ಸ್ಪಷ್ಟವಾಗಿ ಬಂತು.

ಈಗ ಹೇಳಲೇಬೇಕಾದ ಮಾತು. ಹೋದ ವರ್ಷ ಹರಿಹರದ ಒಂದು ಮದುವೆಗೆ 600 ಕಾರ್ಡು. ತಪ್ಪು ಪೂರ್ತಿ ನನ್ನದು. ಅಕ್ಷರಗಳನ್ನು ಕರ್ವ್ ಮಾಡದೆ ಫೈಲನ್ನು ಹಾಗೇ ಪ್ರೆಸ್ಸಿಗೆ ಕಳಿಸಿಬಿಟ್ಟಿದ್ದೆ. ಕರ್ವ್ ಮಾಡಿದರೆ ಅಕ್ಷರ ಚಿತ್ರದ ಹಾಗೆ ಕೂರುತ್ತೆ, ಯಾವ ಕಂಪ್ಯೂಟರಲ್ಲಿ ತೆರೆದರೂ ಕದಲಲ್ಲ. ಅಲ್ಲಿದ್ದದ್ದು ಅದೇ ಹೆಸರಿನ ಹಳೇ ಫಾಂಟು. ಎಲ್ಲಾ ಸರಿ ಬಂದು ಅರ್ಕಾವತ್ತು ಮಾತ್ರ ಬಿಟ್ಟುಹೋಗಿತ್ತು. ಮುಹೂರ್ತ ಹೋಗಿ ಮುಹೂತ, ಆಶೀರ್ವದಿಸಿ ಹೋಗಿ ಆಶೀವದಿಸಿ. ಕಾರ್ಡು ಕೈಗೆ ಬಂದ ಮೇಲೆ ಗೊತ್ತಾಯಿತು. ಮದುವೆಗೆ ಇನ್ನು ಹದಿನೇಳೇ ದಿನ.

ಹುಡುಗಿಯ ಸೋದರಮಾವನಿಗೆ ಫೋನ್ ಮಾಡುವಾಗ ನನ್ನ ಕೈ ನಡುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಳಬ್ಯಾಡ. ಯಾವತ್ತು ಕೊಡ್ತಿ, ಅದೊಂದು ಹೇಳು" ಅಂದರು. ನಾಡಿದ್ದು ಅಂದೆ. ಅಷ್ಟೇ ಮಾತು. ಪ್ರೆಸ್ಸಿನ ಅಣ್ಣ ಭಾನುವಾರ ಬಾಗಿಲು ತೆಗೆದು ಮಷಿನ್ ಹಾಕಿದರು. ಕಾಗದದ ದುಡ್ಡು ಬಿಟ್ಟು ಬೇರೇನೂ ತಗೊಳ್ಳಲಿಲ್ಲ. ಆ ತಿಂಗಳು ಅವರು ಪೂರ್ತಿ ಬಿಲ್ ಹಾಕಿದ್ದರೆ ನಾನು ಕಂಪ್ಯೂಟರ್ ಮಾರಬೇಕಾಗುತ್ತಿತ್ತು. ಸೋದರಮಾವ ಈಚೆಗೆ ತಮ್ಮ ಮಗನ ಗೃಹಪ್ರವೇಶದ ಕಾರ್ಡನ್ನೂ ನನಗೇ ಕೊಟ್ಟರು. ಈ ಇಬ್ಬರ ಋಣ ನನ್ನ ಮೇಲೆ ಜಾಸ್ತಿ ಇದೆ.

ಅವತ್ತಿನಿಂದ ನಮ್ಮತ್ತೆ ಒಂದು ಕೆಲಸ ತಾವೇ ತಗೊಂಡರು. ಪ್ರತಿ ಕಾರ್ಡಿನ ಪ್ರಿಂಟನ್ನು ಪೆನ್ಸಿಲ್ ಹಿಡಿದು, ಒಂದೊಂದೇ ಅಕ್ಷರಕ್ಕೆ ಮೊನೆ ಇಟ್ಟು, ಜೋರಾಗಿ ಓದುತ್ತಾರೆ. ಅವರು ಹೂಂ ಅನ್ನುವವರೆಗೆ ಫೈಲ್ ಹೋಗುವುದಿಲ್ಲ. ಕಣ್ಣಿನ ಆಪರೇಷನ್ ಆದ ವಾರವೂ ನನ್ನ ಕೈಲಿ ಓದಿಸಿ, ಕೇಳಿ, ತಪ್ಪು ಹಿಡಿದರು. ಅತ್ತೆ, ಇದನ್ನು ನಿಮಗೂ ಓದಿ ಹೇಳುತ್ತೇನೆ.

"ಚೆನ್ನಾಗಿಲ್ಲ, ಬೇರೆ ಮಾಡಿ" ಅಂತ ನೇರವಾಗಿ ಹೇಳಿದವರಿಗೂ ಥ್ಯಾಂಕ್ಸ್. ಸುಮ್ನೆ ಓಕೆ ಅಂದು ಆಮೇಲೆ ಬೇಸರಪಡುವುದಕ್ಕಿಂತ ಅದು ಎಷ್ಟೋ ಒಳ್ಳೆಯದು ಅಲ್ವಾ.

ಹೋದ ವಾರ ಹೊಳಲ್ಕೆರೆ ಅಕ್ಕ ಮೊದಲ ಸಲ ಮನೆಗೆ ಬಂದಿದ್ದರು. ಗೇಟಿನಲ್ಲಿ "ಅವ್ವಾ" ಅಂದ ಕೂಡಲೇ ದನಿಯಲ್ಲೇ ಗುರುತು ಸಿಕ್ಕಿತು. ಅದೇ ಸೀರೆ ಉಟ್ಟು ಬಂದಿದ್ದರು. ಉಳಿದವರೂ ದಾವಣಗೆರೆಗೆ ಬಂದಾಗ ಒಂದು ಫೋನ್ ಮಾಡಿ. ಸಂಜೆ ಆದರೆ ಮಂಡಕ್ಕಿ, ಮೆಣಸಿನಕಾಯಿ ನಮ್ಮ ಮನೆಯಲ್ಲೇ.